ಆ ಕ್ಯಾಸೆಟ್ಟಿನಲ್ಲಿ ಚೀರಿದವಳು ಯಾರು?

ಜತ್ತದಂಥ ಊರಿನಲ್ಲಿ ರಾಕ್ ಮ್ಯೂಸಿಕ್ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಬಲ್ಲ ಏಕೈಕ ಮಹಿಳೆ ನಾನೇ ಎಂಬ ನಂಬಿಕೆ ನನಗೆ ಬಹಳ ವರ್ಷ ಇತ್ತು. ಬೇರೆ ಯಾರೂ ಸ್ಪರ್ಧೆಗೆ ಇಳಿಯದ ಕಾರಣ ಆ ಪಟ್ಟ ಭದ್ರವಾಗಿಯೂ ಇತ್ತು. ಬೆಳಗಾವಿಯ ಕಾನ್ವೆಂಟು, ಪುಣೆಯ ಕಾಲೇಜು ಮುಗಿಸಿ ಇಲ್ಲಿಯ ಬಟ್ಟೆ ಅಂಗಡಿಯವರ ಮನೆಗೆ ಸೊಸೆಯಾಗಿ ಬಂದಾಗ, ನನ್ನ ಟ್ರಂಕಿನಲ್ಲಿ ರೇಷ್ಮೆ ಸೀರೆಗಳ ಕೆಳಗೆ ಒಂದು ಕ್ಯಾಸೆಟ್ ಮಲಗಿತ್ತು.

ಕಾಲೇಜಿನಲ್ಲಿ ನನ್ನ ಹಾಸ್ಟೆಲ್ ಗೆಳತಿ ಶಕೀಲಾ ಮತ್ತು ನಾನು 'ಟಿನ್ ಕೈಟ್ಸ್' ಎಂಬ ಬ್ಯಾಂಡಿನ ಮೇಲೆ ಜೀವ ಇಟ್ಟಿದ್ದೆವು. ಬಾಂಬೆಯ ನಾಲ್ಕು ಹುಡುಗರು. ಭುಜದವರೆಗೆ ಕೂದಲು, ನೆಲ ಗುಡಿಸುವ ಬೆಲ್ ಬಾಟಮ್! ಅವರ ಕಾನ್ಸರ್ಟಿಗೆ ವಾರ್ಡನ್ ಕಣ್ಣು ತಪ್ಪಿಸಿ ಹೋಗಿದ್ದೆವು. ಶಕೀಲಾಳ ಅಣ್ಣ ಅದನ್ನು ರೆಕಾರ್ಡ್ ಮಾಡಿದ್ದ. ಒಂದು ಹಾಡಿನ ನಡುವೆ ಗಿಟಾರು ಗಕ್ಕನೆ ನಿಲ್ಲುತ್ತದೆ. ಆ ಮೌನದಲ್ಲಿ ಒಬ್ಬ ಹುಡುಗಿ ಚೀರುತ್ತಾಳೆ. ಉದ್ದಕ್ಕೆ, ಲೋಕದ ಹಂಗೇ ಇಲ್ಲದಂತೆ. ಅವಳು ನಾನು ಎಂದು ನಾನು. ತಾನು ಎಂದು ಶಕೀಲಾ. ಮದುವೆಯಾಗಿ ಅವಳು ಸೊಲ್ಲಾಪುರ, ನಾನು ಜತ್ತ ಸೇರಿದರೂ ಈ ವ್ಯಾಜ್ಯ ಮಾತ್ರ ಟ್ರಂಕ್ ಕಾಲ್‌ಗಳ ಮೇಲೆ ಮುಂದುವರಿದಿತ್ತು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ದಿನ ಅವಳ ಫೋನ್ ಬಂತು.

"ಸುಮಿ, ನನ್ನ ಕಿವಿ ಹೊಂಟಾವ. ಡಾಕ್ಟರ್ ಕ್ಲಿಯರ್ ಹೇಳಿಬಿಟ್ರು, ತಿರುಗಿ ಬರೂದಿಲ್ಲಂತ. ಪೂರಾ ಹೋಗೂದ್ರಾಗ ಆ ಕ್ಯಾಸೆಟ್ ಒಮ್ಮಿ ಜೋರಾಗಿ ಕೇಳಸು. ಚೀರಿದಾಕಿ ಯಾರಂತ ಸೆಟ್ಲ್ ಆಗಲಿ."

ರಿಸೀವರನ್ನು ಬಾಯಿಗೆ ಇನ್ನಷ್ಟು ಹತ್ತಿರ ಹಿಡಿದೆ. ಗಟ್ಟಿಯಾಗಿ, "ಜೋರ್ ಬೇಕಲ್ಲ? ಲೀವ್ ಇಟ್ ಟು ಮೀ!" ಎಂದೆ. ಜಗತ್ತಿನ ಅನೇಕ ಅನಾಹುತಗಳು ಈ ವಾಕ್ಯದಿಂದಲೇ ಶುರುವಾಗಿರಬೇಕು.

ಮನೆಯ ಟೇಪ್‌ರೆಕಾರ್ಡರ್ ಸಾಲದೆಂದು ಮಂಡಪ-ಸ್ಪೀಕರಿನ ದಸ್ತಗೀರನನ್ನು ಕರೆಸಿದೆ. ತಾಲೂಕಿನ ಮದುವೆಗಳೆಲ್ಲ ಅವನ ಕೈಯಲ್ಲೇ ಗದ್ದಲ ಮಾಡಿದಂಥವು.

"ಎಷ್ಟ ಜೋರ ಬೇಕ್ರಿ ಅಕ್ಕಾರ?"

"ಫುಲ್!"

ಅವನ ಮುಖ ಅರಳಿದ್ದನ್ನು ನೋಡಿಯಾದರೂ ನಾನು ಎಚ್ಚರಾಗಬೇಕಿತ್ತು.

ಆ ದಿನ ಶಕೀಲಾ ಬೆಳಗಿನ ಬಸ್ಸಿಗೆ ಬಂದಳು. ಸಂಜೆ ಐದರ ಬಸ್ಸಿಗೆ ವಾಪಸು. ಮಧ್ಯಾಹ್ನ ಎರಡಕ್ಕೆ ಲೋಡ್ ಶೆಡ್ಡಿಂಗ್. ಕರೆಂಟು ಮತ್ತೆ ಬರುವುದು ಕತ್ತಲಾದ ಮೇಲೆ. ಆದ್ದರಿಂದ ಹನ್ನೆರಡಕ್ಕೆ ಕ್ಯಾಸೆಟ್, ಆಮೇಲೆ ಊಟ ಎಂದು ಕಾನ್ವೆಂಟಿನ ಶಿಸ್ತಿನಲ್ಲಿ ಪ್ರೋಗ್ರಾಂ ಹಾಕಿದ್ದೆ. ದಸ್ತಗೀರ ಕಾನ್ವೆಂಟಿಗೆ ಹೋದವನಲ್ಲ. ಅವನು ಬರುವವರೆಗೆ ನಾವಿಬ್ಬರೂ ಸೋಫಾದಲ್ಲಿ ಕುಳಿತು ಪುಣೆಗೆ ಹೋಗಿಬಂದೆವು. ನಾನು ಅವಳ ಎಡಗಿವಿಗೆ ಬಾಯಿಟ್ಟು ಮಾತಾಡಬೇಕಾಗಿತ್ತು.

"ಡ್ರಮ್ಮರನ ಶರ್ಟ್ ಕೆಂಪ ಇತ್ತು," ಎಂದಳು.

"ನೀಲಿ!"

"ಅವತ್ತ ನಿನ್ನ ಚಪ್ಪಲ್ ಕಳದಿತ್ತು."

"ಕಳದಿದ್ದು ನಿಂದು! ನನ್ನವ ಹಾಕ್ಕೊಂಡ ಹಾಸ್ಟೆಲ್ ತನಕ ನಡದಿ. ನಾ ಬರಿಗಾಲಲೆ ಬಂದೆ!"

"ಅದಕ್ಕ ಅಂತೀನಿ, ಅವತ್ತ ಚಪ್ಪಲ್ ಭಾಳ ಮೆತ್ತಗ ಇದ್ವು," ಎಂದು ನಕ್ಕಳು. ಥೇಟ್ ಹಾಸ್ಟೆಲ್ಲಿನ ಅದೇ ನಗು.

ಒಂದು ಗಂಟೆಗೆ ದಸ್ತಗೀರ ಬಂದ. ಮಾಳಿಗೆ ಹತ್ತಿ ತುತ್ತೂರಿ ಬಾಯಿಯ ತನ್ನ ಎರಡು ಭೋಂಗಾ ಸ್ಪೀಕರುಗಳನ್ನು ಬಿಗಿದ. ಟೇಪು, ಮಷೀನು ಪಡಸಾಲೆಯಲ್ಲಿ. ನಾನು ಕ್ಯಾಸೆಟ್ ಚಾಚಿದರೆ ಕೈ ಹಿಂದಕ್ಕೆಳೆದುಕೊಂಡ.

"ಮೊದಲ ದೇವರ ಹಾಡ್ರಿ ಅಕ್ಕಾರ. ನಮ್ಮ ಅಪ್ಪನ ಕಾಲದಿಂದ ಹಂಗ ಐತಿ. ದೇವರ ಹಾಡ ಇಲ್ದ ನಾ ಮಷೀನ್ ಚಾಲೂ ಮಾಡೂದಿಲ್ಲ. ಒಂದ ಕಾಯಿ ಕೊಡ್ರಿ."

ಕಾಯಿ ಒಡೆದದ್ದಾಯಿತು. ಭಕ್ತಿಗೀತೆ ಮೊಳಗಿತು. ಒಂದಲ್ಲ, ಕ್ಯಾಸೆಟ್ಟಿನ ಒಂದು ಮಗ್ಗುಲು ಪೂರ್ತಿ! ಮಾಳಿಗೆಯ ಮೇಲೆ ಭೋಂಗಾ, ಮೇಲಿಂದ ದೇವರ ಹಾಡು ಎಂದರೆ ನಮ್ಮ ಗಲ್ಲಿಯಲ್ಲಿ ಅದಕ್ಕೆ ಒಂದೇ ಅರ್ಥ. ಪಕ್ಕದ ಮನೆಯ ನೀಲವ್ವ ಹೊಸ ಸೀರೆ ಉಟ್ಟು, ಉಡಿ ತುಂಬುವ ಸಾಮಾನು ಹಿಡಿದು, ಹಿಂದೆ ಆರೆಂಟು ಹೆಂಗಸರ ಸಮೇತ ಹಾಜರಾದಳು.

"ಏನ ಕಾರ್ಯಾರೀ ವೈನಿ? ಹೇಳಲೇ ಇಲ್ಲ ನೋಡ್ರಿ ನಮಗ!"

ರಾಕ್ ಬ್ಯಾಂಡ್ ಎಂದು ಹೇಗೆ ಹೇಳುವುದು? "ಹಂಗೇನಿಲ್ರಿ, ಬರ್ರಿ, ಕುಂದ್ರಿ," ಎಂದೆ. ಕುಂತರು. ನೀಲವ್ವ ಶಕೀಲಾಳಿಗೂ ಕುಂಕುಮ ಹಚ್ಚಲು ಹೋದಾಗ ಅವಳು ನಗುತ್ತ ಹೂವು ಮಾತ್ರ ಇಸಿದುಕೊಂಡಳು.

ಕೊನೆಗೂ ಟಿನ್ ಕೈಟ್ಸ್! ದಸ್ತಗೀರ ಗುಂಡಿ ಒತ್ತಿದ. ಶಕೀಲಾ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಿಗೆ ಕಣ್ಣು ತೆರೆದು, "ಹಚ್ಚ ಇನ್ನ," ಎಂದಳು.

"ಹಚ್ಚೇವಲ್ಲ!"

"ಏನೂ ಕೇಳವಲ್ದು ಸುಮಿ."

ನನಗೂ ಗೊಣಗಿದಷ್ಟೇ ಕೇಳುತ್ತಿತ್ತು. "ದಸ್ತಗೀರ, ಜೋರ ಮಾಡು!" ಮಾಡಿದ. "ಇನ್ನಾ ಜೋರ!" ಅದನ್ನೂ ಮಾಡಿದ. ಹೊರಗೆ ನಾಯಿಗಳು ಬೊಗಳತೊಡಗಿದವು. ಅಷ್ಟರಲ್ಲಿ ನಮ್ಮ ಯಜಮಾನರು ಅಂಗಡಿಯಿಂದ ಏದುಸಿರು ಬಿಡುತ್ತ ಬಂದರು.

"ನಿನ್ನ ಬ್ಯಾಂಡ ಬಸ್ ಸ್ಟ್ಯಾಂಡ್ ತನಕ ಕೇಳಾಕತ್ತೇತಿ! ದರಿಬಡಚಿ ಹಳ್ಳಿ ಗಿರಾಕಿ ಅಳದಿಟ್ಟ ಅರಿವಿ ಅಲ್ಲೇ ಬಿಟ್ಟು, ಏನಾತಂತ ಎದ್ದ ಹ್ವಾದ! ಇಲ್ಲಿ ನೋಡಿದ್ರ ಮನ್ಯಾಗ ಶಾಂತಿ ಐತಿ!"

ಹೊರಗೆ ಓಡಿಹೋಗಿ ಮಾಳಿಗೆ ಕಡೆ ನೋಡಿದೆ. ಎರಡೂ ಭೋಂಗಾ ಮನೆಗೆ ಬೆನ್ನು ಮಾಡಿ ಊರ ಕಡೆ ಬಾಯಿ ತೆರೆದು ನಿಂತಿದ್ದವು!

"ದಸ್ತಗೀರ! ಹಾಡ ಕೇಳಾವ್ರು ಒಳಗ ಅದೀವಲ್ಲೋ!"

ಅವನಿಗೆ ನಿಜವಾಗಿಯೂ ಆಶ್ಚರ್ಯವಾಯಿತು. "ಸ್ಪೀಕರ್ ಮನಿಯವರಿಗೇನ್ರಿ ಅಕ್ಕಾರ? ಸ್ಪೀಕರ್ ಊರಿಗಲ್ರಿ! ಇಷ್ಟ ವರ್ಷದಾಗ ಒಳಗ ಮಾರಿ ಮಾಡ್ರಿ ಅಂತ ಒಬ್ರೂ ಅಂದಿಲ್ಲ."

ಫುಲ್ ಎಂದಿದ್ದೆ. ಯಾರಿಗೆ ಎಂದು ಹೇಳಿರಲಿಲ್ಲ. ಒಂದು ಭೋಂಗಾ ಇಳಿಸಿ, ಯಜಮಾನರೇ ಹೆಗಲು ಕೊಟ್ಟು ಪಡಸಾಲೆಗೆ ತಂದು, ಶಕೀಲಾಳ ಎದುರಿನ ಟೀಪಾಯಿ ಮೇಲೆ ಪ್ರತಿಷ್ಠಾಪಿಸಿದರು. ಹೆಂಗಸರು ಭಕ್ತಿಯಿಂದ ಹಿಂದೆ ಸರಿದರು. ಕ್ಯಾಸೆಟ್ ಹಿಂದಕ್ಕೆ ಸುತ್ತಿ ಮತ್ತೆ ಹಾಕಿದೆವು. ಅಬ್ಬಾ! ಶೋಕೇಸಿನ ಕಪ್ಪುಗಳು ಕುಣಿದವು. ಶಕೀಲಾ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದಳು. ಅವಳಿಗೆ ಕೇಳುತ್ತಿತ್ತು! ಅವಳ ಕಾಲು ತಾಳ ಹಾಕುತ್ತಿತ್ತು, ಕಣ್ಣಲ್ಲಿ ನೀರು. ಇನ್ನೇನು, ಗಿಟಾರು ಗಕ್ಕನೆ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದೆವು.

ಮೌನ.

ಮೌನ ಮುಂದುವರಿಯಿತು. ಫ್ಯಾನೂ ನಿಂತಿತ್ತು. ಎರಡು ಗಂಟೆ!

"ಬ್ಯಾಟರಿ ಇಲ್ಲೇನೋ?"

"ಕುಣಿಕೋಣೂರಿನ ಮದವಿಗೆ ಕೊಟ್ಟೀನ್ರಿ."

ಶಕೀಲಾ ಭೋಂಗಾದ ಕಪ್ಪು ಬಾಯಿಯನ್ನೇ ನೋಡುತ್ತ ಕುಳಿತಿದ್ದಳು. "ಇರಲಿ ಬಿಡು ಸುಮಿ," ಎಂದಳು. ಆ 'ಇರಲಿ' ನನಗೆ ತಡೆಯಲಾಗಲಿಲ್ಲ. ಇನ್ನೊಮ್ಮೆ ಬರುವ ಹೊತ್ತಿಗೆ ಅವಳ ಕಿವಿ ಉಳಿದಿರುತ್ತವೋ ಇಲ್ಲವೋ.

ಎದ್ದು ನಿಂತೆ. ಸೆರಗು ಬಿಗಿದೆ. ಅವಳ ಎಡಗಿವಿಯ ಹತ್ತಿರ ಬಗ್ಗಿ, ಆ ಕಾನ್ಸರ್ಟಿನ ಹುಡುಗಿ ಚೀರಿದಂತೆ, ಎದೆಯಲ್ಲಿದ್ದ ಉಸಿರನ್ನೆಲ್ಲ ಕೂಡಿಸಿ ಚೀರಿದೆ!

ಹೆಂಗಸರೆಲ್ಲ ಒಟ್ಟಿಗೇ ಎದ್ದರು. ನೀಲವ್ವ ಸೋಫಾದ ಮೇಲೆ ಹತ್ತಿ, "ಹಾವ ಎಲ್ಲೈತ್ರಿ ವೈನಿ?" ಎಂದು ಕೂಗಿದಳು. ಯಜಮಾನರು ಕೋಲು ಹುಡುಕತೊಡಗಿದರು.

ಶಕೀಲಾ ಮಾತ್ರ ಹೊಟ್ಟೆ ಹಿಡಿದುಕೊಂಡು, ಕಣ್ಣೊರೆಸಿಕೊಳ್ಳುತ್ತ ನಗುತ್ತಿದ್ದಳು. ಆಮೇಲೆ ನನ್ನ ಗಲ್ಲ ಹಿಡಿದು, ಜಡ್ಜ್ ಸಾಹೇಬರ ಗಾಂಭೀರ್ಯದಲ್ಲಿ ತೀರ್ಪು ಕೊಟ್ಟಳು:

"ಕೇಳಸ್ತು ಸುಮಿ. ಪೂರಾ ಕೇಳಸ್ತು. ಆ ಕ್ಯಾಸೆಟ್‌ನ್ಯಾಗಿನಾಕಿ ನಾನ. ಆಕಿ ಸುರ್‌ನ್ಯಾಗ ಚೀರ್ಯಾಳ, ನಿಂದು ಅಪಸ್ವರ."

ಐದರ ಬಸ್ಸಿಗೆ ಅವಳನ್ನು ಹತ್ತಿಸುವಾಗ ಕ್ಯಾಸೆಟ್ಟನ್ನೂ ಕೈಗಿಟ್ಟೆ. ಅದರಲ್ಲಿ ಚೀರಿದವಳು ಅವಳಾದ ಮೇಲೆ ನನ್ನ ಹತ್ತಿರ ಏಕೆ? ಜತ್ತದಲ್ಲಿ ನನಗೂ ಒಂದು ಹೆಸರು ಉಳಿಯಿತೆನ್ನಿ. ಇಂದಿಗೂ ನಮ್ಮ ಗಲ್ಲಿಯಲ್ಲಿ ಹಾವು ಕಂಡರೆ ಯಾರೂ ಕೂಗುವುದಿಲ್ಲ. ಚೀರುವುದಕ್ಕೆ ನನ್ನನ್ನೇ ಕರೆಯಲು ಬರುತ್ತಾರೆ!