ಜಿಂಕೆಯ ಮನೆಯಲ್ಲಿ ನನ್ನ ಚಿರತೆ

ಯಾರಾದರೂ ಹೊಗಳಿದರೆ ನನಗೆ ಮೊದಲು ಬರುವುದು ಅನುಮಾನ. ಸಂತೋಷ ಆಮೇಲೆ, ಅದೂ ಪುರುಸೊತ್ತಿದ್ದರೆ. ಇದು ನಮ್ಮಜ್ಜಿ ಕಲಿಸಿದ ವಿದ್ಯೆ. ನಂಜನಗೂಡಿನ ಬೀದಿಯಲ್ಲಿ ಯಾರಾದರೂ ನನ್ನ ಕೆನ್ನೆ ಹಿಂಡಿ ಮುದ್ದು ಮಾಡಿದರೆ ಸಾಕು, ಮನೆಗೆಳೆದುಕೊಂಡು ಹೋಗಿ ಪೊರಕೆಕಡ್ಡಿ ಸುಟ್ಟು ದೃಷ್ಟಿ ತೆಗೆಯುತ್ತಿದ್ದಳು.

ಅಂಗಡಿ ಬೋರ್ಡು ಬರೆಯುವ ನನಗೆ ಈಚೆಗೆ ಒಂದು ಸಣ್ಣ ಮೃಗಾಲಯದಲ್ಲಿ, ಜಿಂಕೆಗಳಿರುವ ಆವರಣದ ಗೋಡೆಗೆ ಕಾಡು ಬರೆಯುವ ಕೆಲಸ ಸಿಕ್ಕಿತು. ಜೊತೆಗೆ ನನ್ನಂತೆಯೇ ಬೋರ್ಡು ಬರೆಯುವ ತಿ. ನರಸೀಪುರದ ಶಿವಣ್ಣ. ಕಾಡೆಲ್ಲ ಮುಗಿದ ಮೇಲೂ ಮೂಲೆಯಲ್ಲಿ ಒಂದಿಷ್ಟು ಜಾಗ ಉಳಿದಿತ್ತು. ಖಾಲಿ ಬಿಡಲು ಕೈ ಕೇಳಲಿಲ್ಲ. ಯಾರೂ ಹೇಳದಿದ್ದರೂ ಒಂದು ಚಿರತೆ ಕೂರಿಸಿದೆ. ಶಿವಣ್ಣ ಹಿಂದೆ ಸರಿದು ನೋಡಿ, "ಅಣ್ಣ, ಉಸುರಾಡ್ತಾ ಅದೆ ಕಣಣ್ಣ!" ಎಂದ.

ನನ್ನ ಅನುಮಾನ ಎದ್ದು ಕೂತಿತು. ಈ ಮನುಷ್ಯ ಹುಲಿ ಬರೆದರೆ ಅದು ಈಗಷ್ಟೇ ಕರು ಹಾಕಿದ ಹಸುವಿನಂತಿರುತ್ತದೆ. ಅಂಥವನು ರೆಪ್ಪೆ ಬಡಿಯದೆ ನನ್ನ ಚಿರತೆ ನೋಡುವುದೆಂದರೇನು? ಅವನು ಟೀಗೆ ಹೋದದ್ದೇ ತಡ, ಹೊಸ ಮನೆ ಕಟ್ಟುವವರು ನೇತುಹಾಕುತ್ತಾರಲ್ಲ, ನಾಲಿಗೆ ಚಾಚಿದ ಕೊಂಬುಮೀಸೆಯ ದೃಷ್ಟಿಗೊಂಬೆ, ಅದೊಂದನ್ನು ತಂದು ಚಿತ್ರದ ಮೇಲೆ ಕಟ್ಟಿಬಿಟ್ಟೆ.

ಮರುದಿನ, ಕೆಲಸ ಮುಗಿಯಲೆಂದು ಜಿಂಕೆಗಳನ್ನು ಕೂಡಿಹಾಕಿದ್ದ ಕೊಟ್ಟಿಗೆಯ ಬಾಗಿಲು ತೆರೆದರೆ ಒಂದೂ ಈಚೆ ಬರಲಿಲ್ಲ. ಮೇವು ಹಾಕುವ ಮಾದಪ್ಪ, "ಸಾ, ನಿಮ್ ಚಿರ್ತೆ ಕಂಡು ಎದ್ರಕಂಡವೆ," ಎಂದ. ಅಧಿಕಾರಿ ಮೇಡಂ ಬಂದು, "ಸಂಜೆಯೊಳಗೆ ಅವು ಬರದಿದ್ದರೆ ಚಿರತೆ ಮೇಲೆ ಹಸಿರು ಬಳಿದುಬಿಡಿ," ಎಂದರು.

ನನ್ನ ಸಂಕಟ ಯಾರಿಗೆ ಹೇಳಲಿ? ಚಿತ್ರ ಉಳಿಯಬೇಕಾದರೆ ಜಿಂಕೆ ಹೆದರಬಾರದು. ನನ್ನ ಮಾನ ಉಳಿಯಬೇಕಾದರೆ ಹೆದರಲೇಬೇಕು. ಸಿಟ್ಟೆಲ್ಲ ಶಿವಣ್ಣನ ಮೇಲೆ ತಿರುಗಿತು. "ನಿನ್ ಕಣ್ಣು ಬಿದ್ದೇ ಹಿಂಗಾದದ್ದು ಕಣ್ಲಾ!" ಎಂದೆ.

"ನನ್ ಕಣ್ಣಾ? ಮೊದ್ಲು ಆ ಗೊಂಬೆ ಇಳಿಸಣ್ಣ. ಗಾಳೀಲಿ ಅದು ತೂಗಾಡೋದ್ ನೋಡಿದ್ರೆ ನಾನೇ ಒಳಿಕ್ಕೆ ಓಡೋಗ್ಬೇಕು ಅನ್ನುಸ್ತದೆ!"

ಮಾದಪ್ಪ ಗೊಂಬೆ ಬಿಚ್ಚಿಕೊಂಡು ಹೋದ. ಸ್ವಲ್ಪ ಹೊತ್ತಿಗೆಲ್ಲ ಜಿಂಕೆಗಳು ಸಾಲಾಗಿ ಬಂದವು. ದೊಡ್ಡ ಗಂಡು ಜಿಂಕೆಯೊಂದು ನೆಟ್ಟಗೆ ಚಿರತೆಯ ಎದುರಿಗೇ ನಡೆಯಿತು. ಈಗಲಾದರೂ ಒಮ್ಮೆ ಬೆಚ್ಚೀತೇ? ಅದು ಬೆನ್ನು ತಿರುಗಿಸಿ ನಿಂತು, ಚಿರತೆಯ ಮೂತಿಗೆ ತನ್ನ ಹಿಂಭಾಗವನ್ನು ಒತ್ತಿ, ಕಣ್ಣು ಮುಚ್ಚಿ ಹಾಯಾಗಿ ಉಜ್ಜಿಕೊಳ್ಳತೊಡಗಿತು.

"ಇರಲಿ ಬಿಡಿ, ಯಾರಿಗೂ ತೊಂದರೆ ಇಲ್ಲ," ಎಂದರು ಮೇಡಂ.

ಚಿರತೆ ಉಳಿಯಿತು. ನೆಂಟರು ಬಂದರೆ ಈಗಲೂ ಕರೆದೊಯ್ದು ತೋರಿಸುತ್ತೇನೆ. ಆ ಹೊತ್ತಿಗೆ ಯಾವುದಾದರೂ ಜಿಂಕೆ ಅದಕ್ಕೆ ಒರಗಿ ಮೆಲುಕು ಹಾಕುತ್ತಿದ್ದರೆ ಮಾತ್ರ, ಚಿರತೆ ಶಿವಣ್ಣ ಬರೆದದ್ದು ಎಂದುಬಿಡುತ್ತೇನೆ.