ಹತ್ತನೆಯ ಅಂಕ

ಸ್ವಂತ ತಂಗಿ ಹುಗ್ಗಿ ಕಲಕಿದ್ದಕ್ಕೂ ಅಂಕ ಹಾಕಿದ ಅಣ್ಣ ನಮ್ಮ ಜಮಖಂಡಿಯಲ್ಲಿ ಒಬ್ಬನೇ ಇದ್ದ. ಅವನು ನನ್ನ ಅಣ್ಣ. ಮುಧೋಳ, ಬೀಳಗಿ ಸೇರಿಸಿ ಹುಡುಕಿದರೂ ಇನ್ನೊಬ್ಬ ಸಿಗಲಾರ. ಸಿಕ್ಕರೆ ಆ ಮನೆಯ ಹೆಂಗಸರ ಬಗ್ಗೆ ನನಗೆ ಈಗಲೇ ಕನಿಕರ!

ಅಣ್ಣ ಕಾಲೇಜಿನಲ್ಲಿ ಬಿಸಿನೆಸ್ ಕೋರ್ಸಿನ ಹುಡುಗರಿಗೆ ಪಾಠ ಹೇಳುತ್ತಿದ್ದ. ಅವನ ವಿಷಯದ ಹೆಸರು ಆರ್ಗನೈಜೇಶನಲ್ ಬಿಹೇವಿಯರ್. ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾಗಿ, ಅವನ ಮನೆಯ ಪಡಸಾಲೆಯಲ್ಲಿ ಹೊಲಿಗೆ ಮಷಿನ್ನು ಹಾಕಿಕೊಂಡು ಕೂತವಳು. ಆ ಹೆಸರು ನಾಲಿಗೆಗೆ ಹೊಂದಲು ನನಗೆ ಎರಡು ತಿಂಗಳು ಹಿಡಿಯಿತು.

“ಹಂಗಂದ್ರ ಏನೋ ಅಣ್ಣಾ?” ಎಂದು ಒಮ್ಮೆ ಕೇಳಿದೆ.

“ನಾಕ ಮಂದಿ ಕೂಡಿ ಕೆಲಸಾ ಮಾಡುವಾಗ ಯಾಕ ಜಗಳಾ ಆಡ್ತಾರ, ಯಾವಾಗ ಆಡೂದಿಲ್ಲ, ಅದನ್ನ ತಿಳಕೊಳ್ಳೂದು.”

“ಅದಕ್ಕ ಕಾಲೇಜ ಯಾಕ ಬೇಕು? ನಮ್ಮ ಅಡಗಿಮನಿ ಸಾಲೂದಿಲ್ಲೇನು?”

ಆಡಬಾರದ ಮಾತು ಆಡಿಬಿಟ್ಟೆ! ಅಣ್ಣನ ಕಣ್ಣು ಹೊಳೆದವು. ಅಂದಿನಿಂದ ಅವನು ಹುಡುಗರಿಗೆಂದು ಹೊಸೆದ ಗುಂಪು ಪ್ರಾಜೆಕ್ಟುಗಳೆಲ್ಲ ಮೊದಲು ನಮ್ಮ ಮೇಲೆ ಪ್ರಯೋಗವಾಗಿ, ಆಮೇಲೆ ಕಾಲೇಜಿಗೆ ಹೋದವು. ಅಡುಗೆಮನೆಯ ಬಾಗಿಲ ಹಿಂದೆ ಬಳಪದಲ್ಲಿ ಬರೆಯುವ ಒಂದು ಪಾಟಿ ತೂಗುಹಾಕಿದ. ಅದರ ಮೇಲೆ ಅವ್ವ, ಅಣ್ಣನ ಹೆಂಡತಿ ವೈನಿ, ನಾನು, ಮೂವರ ಹೆಸರು, ಎದುರಿಗೆ ಹತ್ತಕ್ಕೆ ಎಷ್ಟು ಎಂಬ ಅಂಕ. ನಿಯಮವೂ ವಿಚಿತ್ರ. ಹೇಳಿದ ಕೆಲಸ ಮಾಡಿದರೆ ಒಂಬತ್ತರವರೆಗೆ. ಹತ್ತನೆಯದು ಬೇಕಾದರೆ ಯಾರೂ ಹೇಳದ ಒಂದು ಕೆಲಸ ಮಾಡಿರಬೇಕು. ಅಣ್ಣ ಬಂದು “ಇದನ್ನ ಮಾಡಂತ ಯಾರ ಹೇಳಿದ್ರು?” ಎಂದು ಕೇಳುತ್ತಿದ್ದ. “ಯಾರೂ ಹೇಳಲಿಲ್ಲ” ಎಂಬ ಉತ್ತರ ಖರೆ ಇದ್ದರೆ ಹತ್ತು.

ಅವ್ವನಿಗೆ ಹತ್ತು ಬಂತು. ವೈನಿಗೆ ಎಷ್ಟೋ ಸಲ ಬಂತು. ನನಗೆ? ಒಂಬತ್ತು. ಯಾವಾಗಲೂ ಒಂಬತ್ತು. ಅಳತೆ ಕೊಟ್ಟ ಹಾಗೆ ಕುಪ್ಪಸ ಹೊಲಿಯುವವಳು ನಾನು. ಹೇಳದ್ದನ್ನು ಮಾಡಿದರೆ ತೋಳು ಉದ್ದವಾಗುತ್ತದಲ್ಲ!

ಗೋಧಿ ಹುಗ್ಗಿಯ ಪ್ರಾಜೆಕ್ಟು ನೆನಪಾದರೆ ಈಗಲೂ ನಗು. ಅಂದು ವೈನಿಯ ತಂದೆ ಊಟಕ್ಕೆ ಬರುವವರಿದ್ದರು. ಅಣ್ಣ ನಮ್ಮ ಮೂವರಿಗೂ ಒಂದೊಂದು ಚೀಟಿ ಕೊಟ್ಟ. ಅವ್ವ ಗೋಧಿ ಬೇಯಿಸಬೇಕು, ನಾನು ಕಲಕಬೇಕು, ವೈನಿ ತುಪ್ಪ, ಏಲಕ್ಕಿ ನೋಡಬೇಕು. ಮೂರೂ ಚೀಟಿಗಳ ಕೊನೆಗೆ ಒಂದೇ ಸಾಲು: ‘ಬೆಲ್ಲದ ಜವಾಬ್ದಾರಿ ಎಲ್ಲರದು.’ ಮತ್ತು ಕೆಲಸ ಮುಗಿಯುವವರೆಗೆ ಯಾರೂ ಮಾತಾಡಬಾರದು!

ಬೆಲ್ಲ ನನ್ನ ಕಣ್ಣೆದುರಿಗೇ ಡಬ್ಬಿಯಲ್ಲಿತ್ತು. ವೈನಿ ಹಾಕುತ್ತಾರೆ ಎಂದುಕೊಂಡೆ. ವೈನಿ ಅವ್ವ ಹಾಕುತ್ತಾಳೆ ಎಂದುಕೊಂಡರು. ಅವ್ವ ನನ್ನನ್ನು ನಂಬಿದಳು. ಬೀಗರು ಒಂದು ತುತ್ತು ಬಾಯಿಗಿಟ್ಟು, ನುಂಗಿ, ಬಹಳ ಮರ್ಯಾದೆಯಿಂದ ಅಂದರು:

“ಹುಗ್ಗಿ ಛಲೋ ಆಗೇತ್ರಿ. ಆದ್ರ ನನಗ ಸಕ್ಕರಿ ಬ್ಯಾನಿ ಅಂತ ನಿಮಗ ಯಾರ ಹೇಳಿದ್ರು?”

ನಾವು ಸೆರಗಿನಲ್ಲಿ ಮುಖ ಮುಚ್ಚಿಕೊಂಡೆವು. ಅಣ್ಣ ಮಾತ್ರ ತೊಡೆ ತಟ್ಟಿಕೊಂಡು ಕುಣಿಯುವುದೊಂದು ಬಾಕಿ. “ಇದ ಬೇಕಾಗಿತ್ತು ನನಗ! ಎಲ್ಲಾರ ಕೆಲಸಾ ಅಂದ್ರ ಯಾರ ಕೆಲಸಾನೂ ಅಲ್ಲ! ನಾಳೆನ ಹುಡುಗರಿಗೆ ಕೊಡ್ತೀನಿ.”

ಪಾಟಿಯ ಮೇಲೆ ನನ್ನ ಹೆಸರಿನ ಮುಂದೆ ಒಂಬತ್ತು ಬರೆದ. “ಹತ್ತನೇದು ಎಲ್ಲಿ ಹೋತೋ?” ಎಂದೆ.

“ಬೆಲ್ಲದ ಜೋಡಿ ಡಬ್ಬಿಯೊಳಗ ಐತಿ, ನೋಡ ಹೋಗು.”

ಅವನ ಗುಂಪು ಮಾಡುವ ರೀತಿಯೂ ಹಾಗೇ. ಗೆಳೆಯರನ್ನು ಒಂದೇ ಗುಂಪಿಗೆ ಹಾಕುತ್ತಿರಲಿಲ್ಲ. ಒಬ್ಬರ ಮುಖ ಒಬ್ಬರು ನೋಡದ ಇಬ್ಬರು ಹುಡುಗರಿದ್ದರು, ಒಬ್ಬ ಬೀಳಗಿಯವನು, ಒಬ್ಬ ಮುಧೋಳದವನು. ಅವರಿಬ್ಬರನ್ನೇ ಜೋಡಿ ಮಾಡಿ ಬನಹಟ್ಟಿಯ ಒಬ್ಬ ನೇಕಾರರ ಮನೆಗೆ ಕಳಿಸಿದ. ಪ್ರಾಜೆಕ್ಟಿನ ಪ್ರಶ್ನೆ ಒಂದೇ: ಈ ಮನೆಯಲ್ಲಿ ಕೆಲಸ ನಡೆಸುವವರು ಯಾರು?

ಮೊದಲ ವಾರ ಬಂದು “ಮಗ್ಗದ ಮ್ಯಾಲೆ ಕುಂದ್ರೂ ಯಜಮಾನ್ರು, ಸರ” ಎಂದರು. “ತಪ್ಪು, ಮತ್ತ ಹೋಗ್ರಿ” ಎಂದ. ಎರಡನೆಯ ವಾರ “ನೂಲಿಗೆ ಬಣ್ಣಾ ಆರಿಸೂ ಅವರ ಹೇಣ್ತಿ” ಎಂದರು. “ಮತ್ತ ಹೋಗ್ರಿ.” ಮೂರನೆಯ ವಾರ, ಮೂಲೆಯಲ್ಲಿ ಕಂಡಿಕೆಗೆ ನೂಲು ಸುತ್ತುವ ಮುದುಕಿ ಎದ್ದು ಹೋದರೆ ಅರ್ಧ ತಾಸಿನಲ್ಲಿ ಮಗ್ಗವೇ ನಿಲ್ಲುತ್ತದೆ ಎಂದು ಕಂಡುಹಿಡಿದು ಬಂದರು. ಅಣ್ಣ ಇನ್ನೂ ಯೋಚಿಸುತ್ತಿದ್ದಾಗಲೇ ನೇಕಾರರು ಖುದ್ದಾಗಿ ಬಸ್ಸು ಹತ್ತಿ ಬಂದುಬಿಟ್ಟರು.

“ಸರ, ಕೈ ಮುಗೀತೀನಿ, ಹುಡುಗರನ್ನ ಕಳಸಬ್ಯಾಡ್ರಿ! ಮನ್ಯಾಗ ದೊಡ್ಡವ್ರು ಯಾರು ಅಂತ ಇಷ್ಟ ದಿನಾ ಯಾರೂ ಕೇಳಿದ್ದಿಲ್ಲ. ಈಗ ಮೂರೂ ಮಂದಿ ಜಗಳಾಕ ನಿಂತೇವಿ!”

ಅಂದು ಅವರು ನಮ್ಮಲ್ಲೇ ಉಂಡು ಹೋದರು, ಬೆಲ್ಲ ಹಾಕಿದ ಹುಗ್ಗಿ.

ಇನ್ನೊಂದು ಸಲ ಹುಡುಗರನ್ನು ಚಿಕ್ಕಪಡಸಲಗಿಗೆ ಕರೆದುಕೊಂಡು ಹೋದ. ರೈತರು ತಾವೇ ಕೂಡಿ ಕೃಷ್ಣೆಗೆ ಅಡ್ಡ ಕಟ್ಟಿದ ಒಡ್ಡನ್ನು ನೋಡಲು ನಾನೂ ಅವರ ಜೊತೆ ಹೋಗಿದ್ದೆ. ಕಲ್ಲು ಹೊತ್ತಿದ್ದ ಒಬ್ಬ ಅಜ್ಜ ಸಿಕ್ಕ. ಅಣ್ಣ ಬಿಡುತ್ತಾನೆಯೇ?

“ಅಜ್ಜಾರ, ಕಲ್ಲ ಹೊರಾಕ ಬರ್ರಿ ಅಂತ ನಿಮಗ ಯಾರ ಹೇಳಿದ್ರು?”

“ಯಾರ ಹೇಳ್ತಾರೋ ತಮ್ಮಾ? ನೀರು ಕಣ್ಣ ಮುಂದ ಹರದ ಹೊಂಟಿತ್ತು. ಮನ್ಯಾಗ ಕುಂದ್ರಾಕ ಆಗಲಿಲ್ಲ.”

ಅಣ್ಣ ಕಿಸೆಯಿಂದ ಕಾಗದ ತೆಗೆದು ಹತ್ತಕ್ಕೆ ಹತ್ತು ಬರೆದು, ಸಹಿ ಮಾಡಿ ಕೊಟ್ಟೇಬಿಟ್ಟ! ಅಜ್ಜ ಅದನ್ನು ತಿರುಗಿಸಿ ಮುರುಗಿಸಿ ನೋಡಿ, “ಇದನ್ನ ಯಾವ ಆಫೀಸಿನ್ಯಾಗ ತೋರಸಬೇಕು?” ಎಂದು ಕೇಳಿದ. ಹುಡುಗರು ನಕ್ಕರು. ನನಗೆ ಮಾತ್ರ ಹೊಟ್ಟೆ ಉರಿಯಿತು. ದಾರಿಯಲ್ಲಿ ಸಿಕ್ಕವರಿಗೆ ಹತ್ತು, ಒಡಹುಟ್ಟಿದವಳಿಗೆ ಒಂಬತ್ತು! ಆದರೂ ಖರೆ ಹೇಳುತ್ತೇನೆ, ಆ ಹೊಳೆಯ ದಂಡೆಯಲ್ಲಿ ಧೂಳಿನ ಚಪ್ಪಲಿ ಹಾಕಿಕೊಂಡು, ಅಜ್ಜನ ಮುಂದೆ ಹುಡುಗನಂತೆ ಕುಕ್ಕರಗಾಲಲ್ಲಿ ಕೂತಿದ್ದ ಅಣ್ಣನನ್ನು ನೋಡಿ ನನಗೆ ಎಷ್ಟು ಹೆಮ್ಮೆಯಾಗಿತ್ತು ಎಂದರೆ, ಅಂಕದ ಸಿಟ್ಟು ಊರು ಮುಟ್ಟುವವರೆಗೂ ಬಾಳಲಿಲ್ಲ.

ಹೋದ ವರ್ಷ ಅವ್ವ ಹೋದಳು. ಈ ವರ್ಷ ಅಣ್ಣ.

ಅಂದು ಮನೆಯ ಮುಂದೆ ಬೀಳಗಿಯ ಹುಡುಗ, ಮುಧೋಳದ ಹುಡುಗ ಇಬ್ಬರೂ ಒಂದೇ ಚಪ್ಪರದ ಕಂಬಕ್ಕೆ ಹೆಗಲು ಕೊಟ್ಟು ತಂದರು. ಬನಹಟ್ಟಿಯ ನೇಕಾರರ ಹೆಂಡತಿ ಬಂದವರೇ ಸೆರಗು ಸಿಕ್ಕಿಸಿ ನೀರು ತುಂಬಿದರು. ಯಾರೂ ಯಾರಿಗೂ ಹುಕುಂ ಕೊಡಲಿಲ್ಲ. ಒಂದು ಕೆಲಸವೂ ನಿಲ್ಲಲಿಲ್ಲ. ಅಣ್ಣ ಎದ್ದು ಕೂತು ನೋಡಬೇಕಿತ್ತು.

ಹನ್ನೊಂದನೆಯ ದಿನದ ಊಟಕ್ಕೆ ದೊಡ್ಡ ಪಾತ್ರೆಯಲ್ಲಿ ಹುಗ್ಗಿ ಬೇಯುತ್ತಿತ್ತು. ನಾನು ಮೂಲೆಯಲ್ಲಿ ಕೂತಿದ್ದೆ. ಯಾರೂ ನನಗೆ ಕೆಲಸ ಹೇಳಿರಲಿಲ್ಲ. ಪಾತ್ರೆ ನೋಡಿದೆ. ಹುಗ್ಗಿ ಇನ್ನೂ ಬಿಳಿ ಇತ್ತು. ಕುಟ್ಟಿದ ಬೆಲ್ಲ ಪಕ್ಕದ ಪರಾತದಲ್ಲಿ ಹಾಗೇ ಇತ್ತು. ಕಲಕುವವರು ಕಣ್ಣೊರೆಸಿಕೊಳ್ಳುತ್ತ ಕಲಕುತ್ತಿದ್ದರು, ಇನ್ಯಾರೋ ಹಾಕುತ್ತಾರೆ ಎಂದು. ನಾನು ಎದ್ದು ಹೋಗಿ ಪರಾತ ಎತ್ತಿ ಅಷ್ಟೂ ಸುರಿದೆ.

ವೈನಿ ಬಾಗಿಲಲ್ಲಿ ನಿಂತಿದ್ದರು. ಎಷ್ಟೋ ದಿನದ ಮೇಲೆ ಅವರ ಬಾಯಿಂದ ಮಾತು ಬಂತು.

“ಬೆಲ್ಲಾ ಹಾಕಂತ ಯಾರ ಹೇಳಿದ್ರು ನಿನಗ?”

“ಯಾರೂ ಹೇಳಲಿಲ್ರಿ ವೈನಿ.”

ಅವರು ಬಾಗಿಲ ಹಿಂದಿನ ಪಾಟಿ ತೆಗೆದರು. ನನ್ನ ಹೆಸರಿನ ಮುಂದೆ ಅಣ್ಣ ಕೊನೆಯ ಸಲ ಬರೆದ ಅಂಕವಿತ್ತು. ಒರೆಸಲು ಸೆರಗಿನ ತುದಿ ಹಿಡಿದರು. ನಾನು ಓಡಿ ಹೋಗಿ ಅವರ ಕೈ ಹಿಡಿದುಕೊಂಡೆ.

“ಬ್ಯಾಡ್ರಿ ವೈನಿ. ಅದು ಅಣ್ಣನ ಅಕ್ಷರ. ಒಂಬತ್ತ ಇರಲಿ.”