ತಲೆ ಎತ್ತದೆ ಹೈದರಾಬಾದ್ ನೋಡಿದ ಅವ್ವ

ನಿಮ್ಮ ದೊಡ್ಡಾಯಿ, ಅಂದರೆ ನಮ್ಮವ್ವ, ಹೈದರಾಬಾದಿಗೆ ಹೋಗಿ ಚಾರ್ಮಿನಾರಿನ ಬುಡದಲ್ಲಿ ಕಾಲು ಗಂಟೆ ನಿಂತು ಬಂದಿದ್ದಾಳೆ. ಆದರೆ ಅದಕ್ಕೆ ಎಷ್ಟು ಮಿನಾರುಗಳಿವೆ ಎಂದು ಕೇಳಿ ನೋಡಿ, ಹೇಳಲಾರಳು. ಅದರ ಸುತ್ತಲಿನ ಹಾಸುಗಲ್ಲುಗಳಲ್ಲಿ ಎಷ್ಟು ಸಡಿಲಾಗಿವೆ ಎಂದು ಕೇಳಿ. ಹನ್ನೊಂದು! ಯಾವ ಯಾವುವು ಎಂಬುದನ್ನೂ ಬೆರಳು ಮಡಚಿ ಹೇಳುತ್ತಾಳೆ.

ಎಂಬತ್ತು ದಾಟಿದರೂ ಅವಳ ಸೊಂಟ ಬಾಗಿಲ್ಲ. ತಲೆ ಮಾತ್ರ ನನಗೆ ತಿಳಿವಳಿಕೆ ಬಂದಾಗಿನಿಂದ ಬಾಗಿಯೇ ಇದೆ. ನಾಚಿಕೆಯಿಂದ ಎಂದುಕೊಳ್ಳಬೇಡಿ. ನಮ್ಮ ಮನೆಯಲ್ಲಿದ್ದ ನಾಚಿಕೆಯೆಲ್ಲ ನನ್ನೊಬ್ಬಳ ಪಾಲಿಗೇ ಬಂತು. ಊರ ಶಾಲೆಯಲ್ಲಿ ಏಳು ವರ್ಷ ಕಲಿತೆ. ಮಾಸ್ತರರು ಹಾಜರಿ ಕರೆದರೆ ನನ್ನ ಪರವಾಗಿ ಪಕ್ಕದ ಹುಡುಗಿಯೇ ‘ಹಾಜರ್’ ಅನ್ನುತ್ತಿದ್ದಳು. ಅವಳು ಬಾರದ ದಿನ ನಾನು ಮುಂದಿನ ಸಾಲಿನಲ್ಲಿ ಕೂತಿದ್ದರೂ ಗೈರು.

ಅವ್ವನ ತಲೆ ಬಾಗಿದ್ದು ಪರಸಿಯಿಂದ. ನೀವು ನೋಡದ ನಿಮ್ಮ ಮುತ್ತಜ್ಜ, ಅಂದರೆ ನಮ್ಮಪ್ಪ, ಶಹಾಬಾದಿನ ಖಣಿಗಳಿಂದ ಬರುವ ಪರಸಿ ಕಲ್ಲನ್ನು ಊರೂರಿಗೆ ಹೋಗಿ ನೆಲಕ್ಕೆ ಹಾಸುತ್ತಿದ್ದ. ಅವ್ವ ಜೊತೆಗೆ ಹೋಗಿ ಗಚ್ಚಿನ ಬುಟ್ಟಿ ಹೊರುತ್ತಿದ್ದಳು. ಆಗಿನಿಂದ ಯಾವ ನೆಲ ಕಂಡರೂ ಹಿಮ್ಮಡಿಯಿಂದ ಎರಡು ಸಲ ಕುಟ್ಟಿ ಕಿವಿಗೊಡುವುದು ಅವಳ ಚಟ. ಕಲ್ಲು ಗಟ್ಟಿಯಾಗಿ ಸುಮ್ಮನಿದ್ದರೆ ಕೆಳಗೆ ಗಚ್ಚು ತುಂಬಿದೆ ಎಂದರ್ಥ. ಪೊಳ್ಳು ದನಿ ಬಂದರೆ ಮೇಸ್ತ್ರಿ ಕೈ ಕೊಟ್ಟಿದ್ದಾನೆ.

ನನಗೆ ಗಂಡು ನೋಡಲು ಹೋದಾಗಲೂ ಅವಳು ನೋಡಿದ್ದು ಇದನ್ನೇ. ವಾಪಸ್ ಬಂದ ಮೇಲೆ ಚಿಕ್ಕಮ್ಮ, “ಹುಡುಗ ಹೆಂಗದಾನಕ್ಕಾ?” ಅಂತ ಕೇಳಿದಳು. “ಪಡಸಾಲ್ಯಾಗ ಒಂದು ಕಲ್ಲೂ ಅಲುಗಾಡಂಗಿಲ್ಲ” ಅಂದಳು ಅವ್ವ. ಹುಡುಗನ ಮುಖ ಅವಳು ನೋಡಿದ್ದು ಅಕ್ಷತೆಯ ದಿನವೇ. ಅವಳ ಲೆಕ್ಕ ತಪ್ಪಿತೆಂದು ನಾನು ಹೇಳಲಾರೆ. ನಿಮ್ಮಜ್ಜ ಇದ್ದಷ್ಟು ದಿನ ಅಲುಗಾಡಲಿಲ್ಲ.

ಹೋದ ದಸರೆಯ ರಜೆಗೆ ನೀವೆಲ್ಲ ನಿಮ್ಮ ಅಮ್ಮನ ತವರಿಗೆ ಹೋಗಿದ್ದಿರಿ. ವಾಡಿಯ ಈ ಮನೆಯಲ್ಲಿ ನಾನು, ಅವ್ವ ಇಬ್ಬರೇ. ಕಲ್ಲಿನ ಲಾರಿ ಹೊಡೆಯುವ ಪಕ್ಕದ ಮನೆಯವರು ಒಂದು ಸಂಜೆ ಏನೋ ಸುದ್ದಿ ಹೇಳಿ ಹೋದರು. ಅವ್ವ ಹಂಚಿನ ಮೇಲಿದ್ದ ರೊಟ್ಟಿಯನ್ನು ಮರೆತೇಬಿಟ್ಟಳು. ಅದು ಸುಟ್ಟು ಕರಿಯಾದ ಮೇಲೆ, “ನಾಳಿ ಹೈದರಾಬಾದಕ್ಕ ಹೋಗೋಣು. ಸಂಜಿ ಗಾಡಿಗೆ ವಾಪಸ್” ಅಂದಳು.

“ಇಬ್ಬರೇ?” ಅಂದೆ.

“ಮತ್ತೇನು, ಬ್ಯಾಂಡ್ ಬಾಜಾ ಹಚ್ಚಿಸ್ಲ್ಯಾ?”

ಬೆಳಿಗ್ಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆವು. ಹಬ್ಬದ ಗದ್ದಲ, ಡಬ್ಬಿಯೊಳಗೆ ಕಾಲಿಡಲು ಜಾಗವಿಲ್ಲ. ನಾನು ಬಾಗಿಲ ಬಳಿಯೇ ಗೋಡೆಗೆ ಅಂಟಿ ನಿಂತೆ. ಅವ್ವ ಒಳಗೆ ನುಗ್ಗಿ ಯಾವನೋ ಒಬ್ಬನನ್ನು, “ನಿಮ್ಮ ಮನ್ಯಾಗ ನೆಲ ಯಾವುದಪ್ಪಾ?” ಅಂತ ಕೇಳಿದಳು. ಅವನು ಗಾಬರಿಯಿಂದ “ಪರಸಿ, ಆಯಿ” ಅಂದ. “ಹಂಗಾದ್ರ ನೀ ನಮ್ಮವನೇ ಆದಿ. ಸ್ವಲ್ಪ ಸರಿ” ಅಂತ ಕೂತಳು. ಚಿತ್ತಾಪುರ ಬರುವುದರೊಳಗೆ ನನಗೂ ಜಾಗ ಆಗಿತ್ತು. ಟೈಲ್ಸ್ ಹಾಕಿಸಿದ್ದೇನೆ ಎಂದು ಜಂಬದಿಂದ ಹೇಳಿದ ಒಬ್ಬರು ತಾಂಡೂರಿನವರೆಗೂ ನಿಂತೇ ಬಂದರು.

ಸೇಡಂ ದಾಟಿದ ಮೇಲೆ ನಾನು, “ಅವ್ವಾ, ಖರೇನ ಹೇಳು. ಯಾಕ ಹೋಗಾಕತ್ತೀವಿ?” ಅಂದೆ.

ಆಗ ಹೇಳಿದಳು. ನಾನು ಅವಳ ಹೊಟ್ಟೆಯಲ್ಲಿ ಆರು ತಿಂಗಳಿದ್ದಾಗ ಅವಳು, ಅಪ್ಪ ಇಬ್ಬರೂ ಹೈದರಾಬಾದಿನ ಒಂದು ಧರ್ಮಶಾಲೆಗೆ ಪರಸಿ ಹಾಸಲು ಹೋಗಿದ್ದರಂತೆ. ಬುಟ್ಟಿ ಹೊರುವುದು ಆಗದೆ ಅವ್ವ ದಿನವೆಲ್ಲ ಸುಮ್ಮನೆ ಕೂರಬೇಕಾಯಿತು. ಅವಳಿಗೆ ಬೇಸರ ಬಂದೀತೆಂದು ಅಪ್ಪ ಒಂದು ಪರಸಿಯ ಮೇಲೆ ಉಳಿಯಿಂದ ಚೌಕಾಬಾರದ ಮನೆಗಳನ್ನು ಕೊರೆದುಕೊಟ್ಟ. ಮಧ್ಯಾಹ್ನದ ಬಿಡುವಿನಲ್ಲಿ ಆಟ ಶುರುವಾಯಿತು. ಅರ್ಧ ಆಟ ಆಗಿರಬೇಕು, ಮೇಸ್ತ್ರಿ ಬಂದ.

“‘ಧರ್ಮಶಾಲಾ ಕಟ್ಟಾಕತ್ತೀವೋ, ಜೂಜಿನ ಅಡ್ಡಾ ಕಟ್ಟಾಕತ್ತೀವೋ?’ ಅಂತ ಬೈದ. ನಿಮ್ಮಪ್ಪ ಆ ಕಲ್ಲು ಮಗಚಿ, ಮನಿ ಕೆಳಗಾಗಿ ಹಾಸಿಬಿಟ್ಟ. ಗೆಲ್ಲೋದಿದ್ದೆ ನಾ” ಅಂದಳು ಅವ್ವ. ಅರವತ್ತು ವರ್ಷದ ಸಿಟ್ಟು ಇನ್ನೂ ಬಿಸಿಯಾಗಿತ್ತು. “ಈಗ ಅಲ್ಲಿ ನೆಲ ಕಿತ್ತು ಟೈಲ್ಸ್ ಹಾಕಾಕತ್ತಾರಂತ. ಕಿತ್ತ ಕಲ್ಲು ಒಡದು ಭರ್ತಿಗೆ ಹಾಕತಾರಂತ. ಅದು ಹೋಗೂಕಿಂತ ಮೊದಲು ಒಮ್ಮೆ ನೋಡಬೇಕು.”

ಗಾಡಿ ತಾಂಡೂರಿನಲ್ಲಿ ನಿಂತಿತು. ಅವ್ವ ಮುಖ ಬೇರೆ ಕಡೆ ತಿರುಗಿಸಿದಳು. ತಾಂಡೂರಿನಲ್ಲೂ ಹಾಸುಗಲ್ಲಿನ ಖಣಿಗಳಿವೆ ನೋಡಿ. ನಮ್ಮ ಕಲ್ಲಿನ ಗಿರಾಕಿಗಳನ್ನು ಕದ್ದ ಆ ಊರಿನ ಚಹಾ ಕೂಡ ಅವಳು ಕುಡಿಯುವುದಿಲ್ಲ.

ಹೈದರಾಬಾದಿನಲ್ಲಿ ಇಳಿದ ಮೇಲೆ ನಾನು ನಾಚುತ್ತ, ಇಷ್ಟು ದೂರ ಬಂದು ಚಾರ್ಮಿನಾರ್ ನೋಡದೆ ಹೋಗುವುದೇ ಎಂದೆ. ಅವ್ವ ಕಾಲು ಗಂಟೆ ಕೊಟ್ಟಳು. ಆ ಕಾಲು ಗಂಟೆಯಲ್ಲಿ ಏನು ಮಾಡಿದಳೆಂದು ಮೊದಲೇ ಹೇಳಿದ್ದೇನೆ. ಜನರೆಲ್ಲ ಮೇಲೆ ನೋಡಿ ಫೋಟೋ ತೆಗೆಯುತ್ತಿದ್ದರೆ ನಮ್ಮವ್ವ ನಡುವೆ ನಿಂತು ಹಿಮ್ಮಡಿ ಕುಟ್ಟುತ್ತಿದ್ದಳು. “ಒಮ್ಮೆ ಮ್ಯಾಲೆ ನೋಡವ್ವಾ” ಅಂದರೆ, “ಮ್ಯಾಲಿಂದು ನೋಡ್ಲಿಕ್ಕ ಪಾರಿವಾಳ ಅದಾವ” ಅಂದಳು.

ಧರ್ಮಶಾಲೆ ಸಿಕ್ಕಿತು. ಆದರೆ ಪಡಸಾಲೆಯ ಅರ್ಧ ಆಗಲೇ ಫಳಫಳ ಹೊಳೆಯುತ್ತಿತ್ತು. ಕನ್ನಡಿಯಂಥ ಟೈಲ್ಸ್. ಹೊರಗೆ ಒಡೆದ ಪರಸಿಯ ದೊಡ್ಡ ಗುಡ್ಡೆ. ಅದನ್ನು ನೋಡಿದ ಕೂಡಲೇ ಅವ್ವನ ನಡಿಗೆ ನಿಧಾನವಾಯಿತು. ಟೈಲ್ಸಿನ ಮೇಸ್ತ್ರಿ ಕೆಲಸ ನಿಲ್ಲಿಸಿ, “ಯಾವೂರಮ್ಮಾ?” ಅಂದ. ಅವ್ವ ಹೇಳಿ, ಅವನ ಊರು ಕೇಳಿದಳು. ಬೇರೆ ಯಾವುದಿದ್ದೀತು, ತಾಂಡೂರು!

ಬೇರೆ ದಿನವಾಗಿದ್ದರೆ ಅವ್ವ ಅಲ್ಲೇ ಒಂದು ಯುದ್ಧ ಹೂಡುತ್ತಿದ್ದಳು. ಅಂದು ಮಾತ್ರ ಎಲ್ಲವನ್ನೂ ತಗ್ಗಿದ ದನಿಯಲ್ಲಿ ವಿವರಿಸಿದಳು. ಮೇಸ್ತ್ರಿಗೆ ನಗು ಬಂತು. “ಹೆಂಗಿದ್ರೂ ಕೀಳೋದೇ ಅದ. ಯಾವ ಕಲ್ಲು ತೋರಿಸ್ರಿ” ಅಂದ.

ಅವ್ವ ಉಳಿದ ಪರಸಿಗಳ ಮೇಲೆ ಒಂದೊಂದಾಗಿ ಹಿಮ್ಮಡಿ ಕುಟ್ಟುತ್ತ ಹೋದಳು. “ಕೊರೆದ ಗೆರ್‍ಯಾಗ ಗಾಳಿ ಕುಂತಿರ್ತದ. ದನಿ ಬ್ಯಾರೇ ಬರ್ತದ” ಎಂದು ಎಲ್ಲರಿಗೂ ಪಾಠ ಮಾಡಿದಳು. ಕಂಬದ ಬಳಿ ನಿಂತು, “ಇದೇ” ಅಂದಳು. ಆಳುಗಳು ಹಾರೆ ಹಾಕಿ ಎಬ್ಬಿಸಿದರು. ಕೆಳಗೆ ಬರೀ ಗಚ್ಚು. ಮತ್ತೆ ಕುಟ್ಟಿ ಇನ್ನೊಂದನ್ನು ತೋರಿಸಿದಳು. ಅದೂ ಬರಿದೇ. ಆಳುಗಳು ಮುಖ ಮುಖ ನೋಡಿಕೊಂಡರು.

ಗಂಡಿನ ಮನೆ ಒಪ್ಪಿದ ಹಿಮ್ಮಡಿ, ಚಾರ್ಮಿನಾರಿಗೆ ಹನ್ನೊಂದು ತಪ್ಪು ಹುಡುಕಿದ ಹಿಮ್ಮಡಿ ಎರಡು ಸಲ ಸೋತಿತು. ಅವ್ವ ಹೊರಗಿನ ಗುಡ್ಡೆಯ ಕಡೆ ನೋಡಿದಳು. “ಒಡದು ಹೋಗ್ಯದ. ನಡಿ ಮಗಾ, ಗಾಡಿಗೆ ಹೊತ್ತಾತು” ಅಂದಳು. ಗಾಡಿಗೆ ಇನ್ನೂ ಮೂರು ತಾಸಿತ್ತು.

ಅವಳು ಸೋತು ಹೊರಟದ್ದನ್ನು ನಾನು ನನ್ನ ಜನ್ಮದಲ್ಲಿ ನೋಡಿರಲಿಲ್ಲ. ಮುಂದೆ ಕೇಳಿಸಿದ ದನಿ ಯಾರದೆಂದು ನನಗೇ ಗೊತ್ತಾಗಲಿಲ್ಲ. “ಅಣ್ಣಾರ, ಇನ್ನೊಂದು ಎತ್ತಿ ನೋಡ್ರಿ” ಅಂದಿತು ಆ ದನಿ. ಬಸ್ಸಿನಲ್ಲಿ ಇಳಿಯುವ ಊರು ಬಂದರೂ ಕಂಡಕ್ಟರನಿಗೆ ಹೇಳಲು ನಾಚಿ ಮುಂದಿನ ಊರಿನಿಂದ ನಡೆದು ಬಂದವಳು ನಾನು. ಅಂಥವಳು, ಅವ್ವ ಮೊದಲು ನಿಂತ ಕಂಬವನ್ನೇ ನಂಬಿ, ಮತ್ತೆ, “ಕಂಬದ ಈ ಮಗ್ಗಲಿಂದು. ನಮ್ಮಪ್ಪ ಹಾಸಿದ್ದು” ಅಂದೆ.

ಮೇಸ್ತ್ರಿ ಈಗ ನಗಲಿಲ್ಲ. ತಾನೇ ಹಾರೆ ತೆಗೆದುಕೊಂಡ. ಕಲ್ಲು ಮಗುಚಿತು. ಅಡಿಯಲ್ಲಿ ಹತ್ತಿದ್ದ ಹಳೆ ಗಚ್ಚನ್ನು ಕರಣೆಯಿಂದ ಕೆರೆದ. ಒಂದು ಗೆರೆ ಕಂಡಿತು. ಅದಕ್ಕೆ ಅಡ್ಡವಾಗಿ ಇನ್ನೊಂದು. ಆಮೇಲೆ ಮನೆ, ಮನೆ, ಮನೆ. ನಟ್ಟನಡುವಿನ ಮನೆಯಲ್ಲಿ ಕತ್ತರಿ ಗುರುತು.

ಅವ್ವ ಚಪ್ಪಲಿ ಬಿಟ್ಟಳು. ದಿನವೆಲ್ಲ ಊರಿನ ನೆಲವನ್ನೆಲ್ಲ ಕುಟ್ಟಿದವಳು ಆ ಕಲ್ಲಿಗೆ ಮಾತ್ರ ಕಾಲು ತಾಗಿಸದೆ ಸುತ್ತು ಹಾಕಿ ಹೋಗಿ ಎದುರಿಗೆ ಕೂತಳು. ಸೆರಗಿನ ಗಂಟು ಬಿಚ್ಚಿದಳು. ಒಳಗೆ ಕವಡೆಯ ಬದಲಿಗೆ ಹಾಕಲು, ಒಂದು ಮಗ್ಗಲು ತೇಯ್ದ ನಾಲ್ಕು ಹುಣಸೆ ಬೀಜ! ಮನೆಯಿಂದಲೇ ತಂದಿದ್ದಳು.

“ಕುಂದ್ರು. ನಿಮ್ಮಪ್ಪನ ಕೈ ನೀ ಆಡು” ಅಂದಳು.

ಒಡೆದ ಕಲ್ಲಿನ ಚೂರುಗಳನ್ನೇ ಕಾಯಿ ಮಾಡಿಕೊಂಡು ಆಡಿದೆವು. ಮೇಸ್ತ್ರಿ ಬುತ್ತಿ ಉಣ್ಣುತ್ತ ನೋಡಿದ. ಅವ್ವ ಅವನಿಗೆ ಎರಡು ರೊಟ್ಟಿ ಕೊಟ್ಟಳು, ತಾಂಡೂರನ್ನು ಕ್ಷಮಿಸಿದ್ದಾಳೆಂದು ನಾನು ತಿಳಿದುಕೊಂಡೆ. ಕಲ್ಲನ್ನು ಒಡೆಯದೆ, ಹೊರಗಿನ ಬೇವಿನ ಗಿಡದ ಬುಡಕ್ಕೆ ಮನೆ ಮೇಲಾಗಿ ಹಾಸುತ್ತೇನೆ ಎಂದು ಅವನೇ ಹೇಳಿದ.

ಆಟದ ಕೊನೆಗೆ ಅವ್ವನದು ಒಂದೇ ಕಾಯಿ ಉಳಿದಿತ್ತು, ನಟ್ಟನಡುವಿನ ಮನೆ ಸೇರಿ ಹಣ್ಣಾಗಲು ಒಂದೇ ಹೆಜ್ಜೆ. ನನ್ನ ಕಾಯಿ ಅದರ ಮೂರು ಮನೆ ಹಿಂದೆ. ನಾನು ಬೀಜ ಹಾಕಿದೆ. ಮೂರು ಬಿತ್ತು. ಹೊಡೆದರೆ ಅವಳ ಕಾಯಿ ಮತ್ತೆ ಮೊದಲಿನಿಂದ ಸುತ್ತಬೇಕು. ನಾನು ಬೇಗ ಬೇಗ ಬೀಜ ಎತ್ತಿಕೊಂಡು, “ಎರಡು” ಅಂತ ನಡೆಸಿದೆ. ಮರುಸರದಿಗೆ ಅವಳು ಗೆದ್ದಳು. ಆಳುಗಳು ಚಪ್ಪಾಳೆ ತಟ್ಟಿದರು.

ವಾಪಸ್ ಬರುವಾಗ ಕಿಟಕಿಯ ಬಳಿ ಕೂತು ಅವ್ವ ತಾಂಡೂರಿನ ಚಹಾ ಕುಡಿದಳು. ಗಾಡಿ ಮತ್ತೆ ಹೊರಟ ಮೇಲೆ ಹೊರಗೆ ನೋಡುತ್ತಲೇ, “ನಿಮ್ಮಪ್ಪನೂ ಹಂಗೇ ಮಾಡ್ತಿದ್ದ” ಅಂದಳು.

“ಏನವ್ವಾ?”

“ಮೂರು ಬಿದ್ರ ಎರಡು ಎಣಸತಿದ್ದ.”